ಗೇರು ಯಾವ ಮರದ ಹೆಸರು?

ನಮಸ್ಕಾರ. ಬೇಸಿಗೆ ರಜೆಯಲ್ಲಿ ನಮ್ಮ ಉಡುಪಿ ಕಡೆ ಅಂಗಳದಲ್ಲಿ ಗೇರುಬೀಜ ಸುಟ್ಟವರಿಗೆ ಆ ಹೊಗೆ ಗೊತ್ತು, ಸಿಡಿಯುವ ಎಣ್ಣೆ ಗೊತ್ತು, ಕೈಯ ಚರ್ಮ ಏಳುವುದೂ ಗೊತ್ತು. ಇವತ್ತು ಮಾತಾಡಬೇಕಾದ್ದು ಆ ಮರದ ಹೆಸರಿನ ಬಗ್ಗೆ. ಓದುವಾಗ ಒಬ್ಬರು ಮಾಸ್ಟ್ರು ಹೇಳಿದ್ದರು, "ಗಿಡಮರಕ್ಕೆ ಊರಿನವರು ಕರೆಯುವ ಹೆಸರು ಬಿಡಿ, ಅದರಲ್ಲಿ ವಿಜ್ಞಾನ ಇಲ್ಲ" ಅಂತ. ಆ ಮಾತು ನನಗೆ ಇನ್ನೂ ಚುಚ್ಚುತ್ತದೆ.

ಗೋಡಂಬಿ ಕೊಡುವ ಈ ಮರದ ತವರು ಬ್ರೆಜಿಲ್. 16ನೇ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಇದರ ಒಡಹುಟ್ಟಿದಂಥ ಕಾಡು ಮರಗಳು ಇವತ್ತಿಗೂ ಇರುವುದು ಅಮೆರಿಕ ಖಂಡದಲ್ಲಿ, ನಮ್ಮ ಘಟ್ಟದಲ್ಲಿ ಒಂದೂ ಇಲ್ಲ. ಬೆಳೆಯ ತವರು ಹುಡುಕುವವರು ಮೊದಲು ನೋಡುವುದೇ ಇದನ್ನು.

ಹಾಗಾದರೆ 'ಗೇರು' ಅನ್ನುವ ಹೆಸರು? ಅದು ಮೊದಲಿನಿಂದ ಇಲ್ಲೇ ಇದ್ದ ಇನ್ನೊಂದು ಮರದ್ದು. ಈಗ ಕರಿಗೇರು ಅನ್ನುತ್ತೇವೆ, ಆಯುರ್ವೇದದಲ್ಲಿ ಭಲ್ಲಾತಕ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದದ್ದು ಇದರ ಕಾಯಿಯ ರಸದಿಂದ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎರಡರಲ್ಲೂ ಬೀಜ ಹಣ್ಣಿನ ಒಳಗಿಲ್ಲ, ಹೊರಗೆ ತುದಿಗೆ ಅಂಟಿಕೊಂಡಿದೆ, ನಾವು ಹಣ್ಣು ಅನ್ನುವುದು ತೊಟ್ಟಿನ ಕಡೆ ಊದಿಕೊಂಡ ಭಾಗವನ್ನು. ಎರಡರ ಸಿಪ್ಪೆಯ ಎಣ್ಣೆಯೂ ಮೈ ಸುಡುತ್ತದೆ. ಕಡಲು ದಾಟಿ ಬಂದ ಮರವನ್ನು ನಮ್ಮ ಹಿರಿಯರು ನೋಡಿ, ಇದು ಗೇರಿನ ನೆಂಟ ಅಂತ ಗುರುತು ಹಿಡಿದರು. ಸರಿಯಾಗಿಯೇ ಹಿಡಿದರು! ಎರಡೂ ಒಂದೇ ಕುಟುಂಬ. ಮಾವು, ಅಮಟೆ ಕೂಡ ಅದೇ ಮನೆಯವು. ಮಾವಿನ ಸೊನೆ ತಾಗಿ ತುಟಿ ಉರಿಯುವುದು ಸುಮ್ನೆ ಅಲ್ಲ.

ಗಿಡಮರಗಳಿಗೆ ಲ್ಯಾಟಿನ್ ಹೆಸರಿಟ್ಟ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಮಾಡಿದ್ದೂ ಇದನ್ನೇ. ಯುರೋಪಿನಲ್ಲಿ 'ಅನಾಕಾರ್ಡಿಯಂ' ಅಂದರೆ ಮೊದಲು ಕರಿಗೇರು. 1753ರಲ್ಲಿ ಅವನು ಆ ಹೆಸರನ್ನು ಗೋಡಂಬಿ ಮರಕ್ಕೆ ಕೊಟ್ಟ. ಆಮೇಲೆ ಅವನ ಮಗ ಕರಿಗೇರಿಗೆ 'ಸೆಮೆಕಾರ್ಪಸ್ ಅನಾಕಾರ್ಡಿಯಂ' ಅಂತ ಇಟ್ಟ. ಸೆಮೆಕಾರ್ಪಸ್ ಅಂದರೆ ಗುರುತಿನ ಕಾಯಿ. ನಮ್ಮ ಅಗಸರ ಕೆಲಸವೇ ಲ್ಯಾಟಿನ್ ಹೆಸರಿನೊಳಗೆ ಕೂತಿದೆ, ಅಲ್ವಾ?

ಲ್ಯಾಟಿನ್ ಹೆಸರು ಬೇಡ ಅಂತಲ್ಲ. ಗೇರು ಅಂದಾಗ ಯಾವ ಗೇರು ಅನ್ನುವುದು ಮದ್ದು ಮಾಡುವವರಿಗೆ ಜೀವದ ಪ್ರಶ್ನೆ. ಆದರೆ ಊರಿನ ಹೆಸರಿನ ಹಿಂದೆ ಇರುವುದೂ ಕಣ್ಣಿಟ್ಟು ನೋಡಿದ ತಿಳಿವಳಿಕೆಯೇ. ನಿಮ್ಮ ಅಜ್ಜಿಗೆ ಕರಿಗೇರು ಗೊತ್ತಿದ್ದರೆ ಏನಂತ ಕರೆಯುತ್ತಾರೆ ಕೇಳಿ, ಕಮೆಂಟಿನಲ್ಲಿ ಬರೆಯಿರಿ. ಮರ ಕಂಡರೆ ಮಾತ್ರ ಕಾಯಿ ಮುಟ್ಟಲು ಹೋಗಬೇಡಿ.