ಆಷಾಢದ ಒಲೆಗೆ ಪಡಿತರದ ಅಕ್ಕಿ

ಕೇಳುಗರೇ, ನಮಸ್ಕಾರ.

ಮಳೆಯನ್ನೇ ನಂಬಿದ ರಾಗಿ ಸೀಮೆಯ ಮನೆಗಳಿಗೆ ಆಷಾಢ, ಶ್ರಾವಣ ಕೈ ಬಿಗಿಯಾಗುವ ಕಾಲ. ಕಳೆದ ಸುಗ್ಗಿಯ ರಾಗಿ ಚೀಲದ ತಳ ಕಂಡಿರುತ್ತದೆ, ಇದ್ದ ಕಾಸು ಬೀಜ, ಗೊಬ್ಬರಕ್ಕೆ ಕರಗಿರುತ್ತದೆ. ಹಿಂದೆ ಇಂಥ ಹೊತ್ತಿನಲ್ಲಿ ಅನುಕೂಲಸ್ಥರ ಮನೆಯಿಂದ ಕಾಳು ಕಡ ತಂದು, ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆಯಂತೆ ಅಳೆದುಕೊಡುವುದಿತ್ತು. ನ್ಯಾಯಬೆಲೆ ಅಂಗಡಿಯ ಅಕ್ಕಿಯ ಬೆಲೆ ಏನೆಂದು ತಿಳಿಯಬೇಕಾದರೆ ಈ ತಿಂಗಳುಗಳಲ್ಲಿ ನೋಡಬೇಕು.

2013ರಲ್ಲಿ ನಮ್ಮ ರಾಜ್ಯದಲ್ಲಿ ಅನ್ನಭಾಗ್ಯ ಆರಂಭವಾಯಿತು, ಅದೇ ವರ್ಷ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯೂ ಬಂತು. ಕಾಯ್ದೆಯಂತೆ ಆದ್ಯತಾ ಕುಟುಂಬದಲ್ಲಿ, ಅಂದರೆ ಬಿಪಿಎಲ್ ಚೀಟಿಯ ಮನೆಯಲ್ಲಿ, ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಕಡುಬಡವರ ಅಂತ್ಯೋದಯ ಕುಟುಂಬಕ್ಕೆ ಒಟ್ಟು 35 ಕಿಲೋ. ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ ಎಂದೂ ಅದು ಹೇಳಿತು.

ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು ಎಂಬ ಮಾತು ಅರಳಿಕಟ್ಟೆಯಲ್ಲಿ ಈಗಲೂ ಕೇಳುತ್ತದೆ. ಲೆಕ್ಕ ಹಾಕಿ ನೋಡಿ: 5 ಕಿಲೋ ಎಂದರೆ ದಿನಕ್ಕೆ 170 ಗ್ರಾಂ ಕೂಡ ಆಗುವುದಿಲ್ಲ. ದುಡಿದು ಬಂದವರಿಗೆ ಅದು ಒಂದು ಹೊತ್ತಿನ ಅನ್ನ. ಅಷ್ಟು ಮನೆಯಲ್ಲಿದ್ದರೆ, ಕರೆದವರು ಹೇಳಿದ ಕೂಲಿಗೆ ತಲೆಯಾಡಿಸಲೇಬೇಕೆಂಬ ಕಟ್ಟು ಕೊಂಚ ಸಡಿಲವಾಗುತ್ತದೆ. ಗೊಣಗಾಟದ ಬೇರು ಅಲ್ಲೇ ಇರಬೇಕೆಂಬುದು ನನ್ನ ಗುಮಾನಿ.

2023ರ ಜುಲೈಯಿಂದ ರಾಜ್ಯವು, ಕಾಯ್ದೆಯ 5 ಕಿಲೋ ಮೇಲೆ ತಾನು ಕೊಡಬೇಕಿದ್ದ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕತೊಡಗಿತು. ಹಣವಿದ್ದರೆ ಬೇಳೆಯನ್ನೋ ಮೊಟ್ಟೆಯನ್ನೋ ತರಬಹುದು, ಒಪ್ಪುತ್ತೇನೆ. ಆದರೆ ಆ ದರಕ್ಕೆ ಕಿರಾಣಿ ಅಂಗಡಿಯಲ್ಲಿ ಒಳ್ಳೆಯ ಅಕ್ಕಿ ಸಿಗುವುದು ಕಷ್ಟವೇ. ಜೊತೆಗೆ ಹಣ ಬಂತೇ ಎಂದು ನೋಡಿಬರಲು ಅರ್ಧ ದಿನದ ಕೂಲಿ ಹೋಗುತ್ತಿತ್ತು. ಮಾರುಕಟ್ಟೆಯಲ್ಲಿ ಬೆಲೆ ಏರಿದರೆ 170 ರೂಪಾಯಿ ಕುಗ್ಗುತ್ತದೆ, 5 ಕಿಲೋ ಕುಗ್ಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ಮತ್ತೆ ಅಕ್ಕಿಯೇ ಬಂದದ್ದು ನನಗೆ ಸರಿಯೆನಿಸಿತು.

ಇನ್ನು ಹೆಬ್ಬೆಟ್ಟಿನ ಯಂತ್ರ. ಕಳೆ ಕಿತ್ತು, ಪಾತ್ರೆ ಉಜ್ಜಿ ಸವೆದ ಬೆರಳಿನ ಗೆರೆಗಳನ್ನು ಅದು ಗುರುತಿಸುವುದಿಲ್ಲ. ಅಜ್ಜಿಯೊಬ್ಬರು ಸೆರಗಿನಲ್ಲಿ ಬೆರಳು ಒರೆಸಿ ಒತ್ತುತ್ತಾರೆ, ಮತ್ತೆ ಒರೆಸುತ್ತಾರೆ, ಬೇರೆ ಬೆರಳು ಇಡುತ್ತಾರೆ. ‘ಸರ್ವರ್ ಇಲ್ಲಮ್ಮ, ನಾಳೆ ಬನ್ನಿ’ ಎಂಬ ಉತ್ತರ ಬೇರೆ. ಇಂಥ ವೃದ್ಧರಿಗೆ ಬೆರಳಚ್ಚಿಲ್ಲದೆ ಧಾನ್ಯ ಕೊಡುವ ದಾರಿ ಪ್ರತಿ ಅಂಗಡಿಯಲ್ಲೂ ತೆರೆದಿರಬೇಕು.

ಹೊಟ್ಟೆ ತುಂಬಿದ ಮಾತ್ರಕ್ಕೆ ಮೈಗೆ ಕಸುವು ಬರುವುದಿಲ್ಲ. ಮಕ್ಕಳಿಗೆ ಶಾಲೆಯ ಬಿಸಿಯೂಟ, ಹಾಲು, ಮೊಟ್ಟೆಯಿದೆ. ಗರ್ಭಿಣಿಯರಿಗೆ, ಬಾಣಂತಿಯರಿಗೆ 2017ರಿಂದ ಮಾತೃಪೂರ್ಣ ಯೋಜನೆಯ ಊಟವಿದೆ. ಉಳಿದವರ ತಟ್ಟೆಯಲ್ಲಿ ಅನ್ನ ಗುಡ್ಡೆಯಾಗಿದ್ದು, ಸಾರು ತಿಳಿಯಾಗಿರುತ್ತದೆ. ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆಯಂಥ ಪದಾರ್ಥಗಳ ಕಿಟ್ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ಒಪ್ಪಿತು. ಅದರಲ್ಲಿ ತೊಗರಿಬೇಳೆಯ ಪಾಲು ಎಷ್ಟು ದೊಡ್ಡದಾದರೂ ನನ್ನ ತಕರಾರಿಲ್ಲ.

ನಮಸ್ಕಾರ.