ಯಾರ ಬೆರಳಿಗೆ ಅಳೆದದ್ದು?

(ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಮತ್ತು ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಾ ಇದೆಯಾ? ಸರಿ. ಫ್ಯಾನ್ ತಿರುಗ್ತಾ ಇದೆ, ಹೊರಗೆ ಮಿರ್ಚಿ ಬಾಣಲೆಗೆ ಬಿದ್ದ ವಾಸನೆಯೂ ಬರ್ತಾ ಇದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಇಷ್ಟು ಜನ ಬಂದು ಕೂತಿದ್ದೀರಿ. ಅದು ನನ್ನ ಮಾತಿಗಲ್ಲ, ಆ ಮಿರ್ಚಿಗೆ ಅಂತ ನನಗೂ ಗೊತ್ತು.

ನನಗೆ ಕೊಟ್ಟ ವಿಷಯ ಬಲು ದೊಡ್ಡದು. ರೋಗ ಪತ್ತೆ, ರೋಗಿಯ ಮೇಲೆ ನಿಗಾ, ಚಿಕಿತ್ಸೆ, ಈ ಮೂರರಲ್ಲೂ ಬರ್ತಿರೋ ಹೊಸ ತಂತ್ರಜ್ಞಾನ. ಸಮಯ 40 ನಿಮಿಷ. ಹನ್ನೊಂದು ಪಾಯಿಂಟ್ ಬರೆದುಕೊಂಡು ಬಂದಿದ್ದೇನೆ. ಮುಗಿಯೋದಿಲ್ಲ, ಮೊದಲೇ ಹೇಳಿಬಿಡ್ತೀನಿ.

ಪರಿಚಯ ಮಾಡಿಕೊಡುವಾಗ ನನ್ನನ್ನು ತಜ್ಞ ಅಂದರು. ನಾನು ರಿಪೇರಿಯವನು. 24 ವರ್ಷದಿಂದ ಈ ಭಾಗದ ಆಸ್ಪತ್ರೆಗಳಲ್ಲಿ ಇಸಿಜಿ, ಮಾನಿಟರ್, ವೆಂಟಿಲೇಟರ್ ಬಿಚ್ಚಿ ಜೋಡಿಸಿದ್ದೇನೆ. ಅದರೊಳಗಿಂದ ಹಲ್ಲಿ ತೆಗೆದಿದ್ದೇನೆ. ನಗಬೇಡಿ. ಇಸಿಜಿ ಮಷಿನ್ ಬಿಸಿ ಇರುತ್ತೆ, ಹಲ್ಲಿಗೆ ಬಿಸಿ ಇಷ್ಟ. ಯಾವ ಕಂಪನಿಯ ಕೈಪಿಡಿಯಲ್ಲೂ ಹಲ್ಲಿಯ ಅಧ್ಯಾಯ ಇಲ್ಲ.

ಶುರು ಮಾಡೋಕೆ ಮುಂಚೆ ಒಂದು ಕೆಲಸ. ಇಗೋ, ಮೂರು ಪಲ್ಸ್ ಆಕ್ಸಿಮೀಟರ್. ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಅಂತ ತೋರಿಸೋ ಯಂತ್ರ. ಮೂರೂ ಬೇರೆ ಬೇರೆ ಕಂಪನಿಯವು. ಈ ಸಾಲಿನಿಂದ ಹಿಂದಕ್ಕೆ ಕಳಿಸ್ತೀನಿ. ಒಂದೇ ಬೆರಳಿಗೆ ಮೂರನ್ನೂ ಒಂದಾದ ಮೇಲೊಂದು ಹಾಕಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆಯಿರಿ. ಹೆಸರು ಬೇಡ, ಏನು ಕೆಲಸ ಮಾಡ್ತೀರಿ ಅಂತ ಮಾತ್ರ ಬರೆದರೆ ಸಾಕು. ಕೊನೆಗೆ ನೋಡೋಣ.

ಈಗ ಒಂದು ಕಥೆ. ನನ್ನ ಜೊತೆ ಕೆಲಸ ಮಾಡುವವರು ಇದನ್ನು ಹತ್ತು ಸಲ ಕೇಳಿದ್ದಾರೆ, ಅವರು ಬೇಕಾದರೆ ಚಹಾ ಕುಡಿದು ಬರಬಹುದು.

2021ರ ಮೇ ತಿಂಗಳು, ಕೊರೋನಾ ಎರಡನೇ ಅಲೆ. ನಮ್ಮ ಅತ್ತೆಯ ಊರು ಸಿರುಗುಪ್ಪದ ಕಡೆ. ಇಡೀ ಬದುಕು ಭತ್ತದ ಗದ್ದೆಯಲ್ಲಿ ಕಳೆದ ಹೆಂಗಸು. ಅವಳ ಬೆರಳು ನೋಡಬೇಕು ನೀವು. ನಾಟಿ ಮಾಡಿ ಮಾಡಿ ತುದಿ ಒಡೆದು, ಬಿರುಕಿನೊಳಗೆ ಕೆಸರು ಕೂತು ಕಪ್ಪು ಗೆರೆ ಆಗಿತ್ತು. ಉಗುರು ಹಲಗೆಯಷ್ಟು ದಪ್ಪ. ಅವಳಿಗೆ ಜ್ವರ ಬಂತು, ಐದನೇ ದಿನಕ್ಕೆ ಏದುಸಿರು. ಮಗ ಎರಡು ಪಟ್ಟು ದುಡ್ಡು ಕೊಟ್ಟು ಎಲ್ಲಿಂದಲೋ ಆಕ್ಸಿಮೀಟರ್ ತಂದಿದ್ದ. ಹಾಕಿದರೆ 97. ನನಗೆ ಫೋನ್ ಮಾಡಿದ.

"ಬಾವಾ, ತೊಂಬತ್ತೇಳೈತಿ. ಏನ್ ಚಿಂತಿಲ್ಲ ಅಲ್ಲಾ?"

ನಾನೇನಂದೆ ಗೊತ್ತಾ? "ತೊಂಬತ್ತೇಳು ಅಂದ್ರ ಡಿಸ್ಟಿಂಕ್ಷನ್ನಪ್ಪ, ಮಲಗಿಸು" ಅಂದೆ. ಯಂತ್ರ ರಿಪೇರಿ ಮಾಡುವ ನಾನು, ಯಂತ್ರದ ಬಗ್ಗೆ ಎಲ್ಲ ತಿಳಿದವನು, ಹಾಗೆ ಅಂದೆ.

ಸಂಜೆ ಆ ಊರಿನ ಆಶಾ ಕಾರ್ಯಕರ್ತೆ ಬಂದರು. ಮಗ ಮತ್ತೆ ಮಷಿನ್ ಹಾಕಿ ತೋರಿಸಿದ. ಆಕೆ ಮಷಿನ್ ಕಡೆ ನೋಡಲೇ ಇಲ್ಲ. ಅತ್ತೆಯ ಹೊಟ್ಟೆ ಮೇಲೆ ಕಣ್ಣಿಟ್ಟು ಕೂತರು, ಕೈಯಲ್ಲಿ ಮೊಬೈಲಿನ ಗಡಿಯಾರ. "ಒಂದ್ ನಿಮಿಷ ಯಾರೂ ಆಕಿನ್ನ ಮಾತಾಡಿಸಬ್ಯಾಡ್ರಿ" ಅಂದರು. ಒಂದು ನಿಮಿಷ ಮುಗೀತು. "ಮಷಿನ್ ಏನರ ಹೇಳ್ಲಿ, ಅವ್ವಾರ ಉಸಿರು ಮೂವತ್ನಾಲ್ಕು ಐತಿ. ಗಾಡಿ ತರ್ರಿ."

ದೊಡ್ಡವರು ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತಾರೆ. 34 ಅಂದರೆ ಮಲಗಿದ್ದಲ್ಲೇ ಓಡ್ತಾ ಇದ್ದ ಹಾಗೆ. ಆಸ್ಪತ್ರೆಯಲ್ಲಿ ಕೈಯ ರಕ್ತನಾಳದಿಂದ ರಕ್ತ ತೆಗೆದು ನೋಡಿದರೆ ಆಮ್ಲಜನಕ 86. ಹನ್ನೊಂದು ದಿನ ಆಕ್ಸಿಜನ್ ಕೊಟ್ಟರು, ಅತ್ತೆ ಉಳಿದಳು. ಈಗಲೂ ನಾನು ಹೋದಾಗ "ಬಂದ ನೋಡ್ರಿ ಡಿಸ್ಟಿಂಕ್ಷನ್ ಮಾಸ್ತರ" ಅಂತಾಳೆ.

ಆ 97 ಎಲ್ಲಿಂದ ಬಂತು? ಅವಳ ಚರ್ಮದ ಬಣ್ಣದಿಂದಲೋ, ಒಡೆದ ಬೆರಳಿನಿಂದಲೋ, ಆ ಅಗ್ಗದ ಮಷಿನ್ನಿನಿಂದಲೋ, ಒಂದೇ ಕಾರಣಕ್ಕೆ ಬೆರಳು ತೋರಿಸೋಕೆ ನನ್ನಿಂದ ಆಗಲ್ಲ. ಆದರೆ ಈ ಯಂತ್ರ ಹೇಗೆ ಲೆಕ್ಕ ಹಾಕುತ್ತೆ ಅನ್ನೋದು ಹೇಳಬಲ್ಲೆ.

ಇದನ್ನು ಕಂಡುಹಿಡಿದವರು ಜಪಾನಿನ ಇಂಜಿನಿಯರ್ ತಕುಓ ಅಒಯಾಗಿ. ಅವರು ಅಳೆಯಲು ಹೊರಟಿದ್ದು ಬೇರೆ ಏನನ್ನೋ. ರಕ್ತಕ್ಕೆ ಬಣ್ಣ ಬಿಟ್ಟು, ಕಿವಿಯ ಮೂಲಕ ಬೆಳಕು ಹಾಯಿಸಿ, ಹೃದಯ ಎಷ್ಟು ರಕ್ತ ಪಂಪ್ ಮಾಡುತ್ತೆ ಅಂತ ನೋಡ್ತಿದ್ದರು. ನಾಡಿ ಮಿಡಿದಾಗಲೆಲ್ಲ ಗೆರೆ ಕುಣಿದು ಕಾಟ ಕೊಡ್ತಿತ್ತು. ಆ ಕಾಟ ಕಳೆಯೋಕೆ ಹೋಗಿ, ಅದರೊಳಗೇ ಆಮ್ಲಜನಕದ ಲೆಕ್ಕ ಇದೆ ಅಂತ ಹೊಳೆಯಿತು. 1974ರ ಮಾತು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅವರ ಯಂತ್ರಕ್ಕಾಗಿ ಅಂಗಡಿ ಅಂಗಡಿ ಅಲೆಯೋಕೆ ಶುರು ಮಾಡಿದ ಹೊತ್ತಿಗೆ.

ಯಂತ್ರದಲ್ಲಿ ಎರಡು ದೀಪ. ಒಂದು ಕೆಂಪು, 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್ಫ್ರಾರೆಡ್, 940. ಆಮ್ಲಜನಕ ತುಂಬಿದ ರಕ್ತ ಕೆಂಪನ್ನು ಜಾಸ್ತಿ ಬಿಡುತ್ತೆ, ಇನ್ಫ್ರಾರೆಡ್ ಅನ್ನು ಜಾಸ್ತಿ ಹೀರುತ್ತೆ. ಎರಡರ ಪಾಲು ಸಿಕ್ಕಿತು. ಆದರೆ ಆ ಪಾಲಿನಿಂದ 97 ಅಂತ ಹೇಳೋದು ಹೇಗೆ? ಅದಕ್ಕೆ ಒಳಗೆ ಒಂದು ಪಟ್ಟಿ ಇದೆ. ಆ ಪಟ್ಟಿ ಮಾಡಲು ಆರೋಗ್ಯವಂತ ಯುವಕರನ್ನು ಕೂರಿಸಿ, ಉಸಿರಿನ ಆಮ್ಲಜನಕ ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತಾ, ರಕ್ತ ತೆಗೆದು ತಾಳೆ ನೋಡ್ತಾರೆ. 70ಕ್ಕಿಂತ ಕೆಳಗೆ ಯಾರನ್ನೂ ಇಳಿಸೋಕೆ ಆಗಲ್ಲ, ಪಾಪ. ಅಲ್ಲಿಂದ ಕೆಳಗಿನದು ಬರೀ ಅಂದಾಜು.

ಆ ಯುವಕರು ಯಾರು? ಔಷಧಿ, ವೈದ್ಯಕೀಯ ಯಂತ್ರಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2013ರಲ್ಲಿ ಹೇಳಿದ್ದು ಇಷ್ಟು: ಕನಿಷ್ಠ 10 ಜನ, ಅದರಲ್ಲಿ ಕಪ್ಪು ಚರ್ಮದವರು ಕನಿಷ್ಠ ಇಬ್ಬರು, ಇಲ್ಲವೇ ನೂರಕ್ಕೆ 15, ಯಾವುದು ಹೆಚ್ಚೋ ಅದು. ಇಬ್ಬರು! 2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ಒಂದು ಲೆಕ್ಕ ಮುಂದಿಟ್ಟರು. ಯಂತ್ರ 92ರಿಂದ 96 ತೋರಿಸ್ತಿದ್ದಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ನೂರಕ್ಕೆ 3.6 ಸಲ, ಕಪ್ಪು ಜನರಲ್ಲಿ 11.7 ಸಲ. ಹತ್ತಿರ ಹತ್ತಿರ ಮೂರು ಪಟ್ಟು. ಯಂತ್ರ ಬಂದು ನಾಲ್ಕು ದಶಕ ದಾಟಿದ ಮೇಲೆ ಇದು ದೊಡ್ಡ ಸುದ್ದಿ ಆಯಿತು.

ನಮ್ಮೂರ ಜೀನ್ಸ್ ಯೂನಿಟ್‌ನ ಕಟಿಂಗ್ ಮಾಸ್ತರನನ್ನು ಕೇಳಿ. ಪ್ಯಾಟರ್ನ್ ಯಾರ ಸೊಂಟಕ್ಕೆ ತೆಗೆದದ್ದು ಅನ್ನೋದೇ ಅವನ ಮೊದಲ ಪ್ರಶ್ನೆ. ದೆಹಲಿಗೆ ಹೋಗೋ ಮಾಲಿಗೆ ಒಂದು, ಕೇರಳಕ್ಕೆ ಹೋಗೋ ಮಾಲಿಗೆ ಇನ್ನೊಂದು. ಪ್ಯಾಂಟಿಗೆ ಕೇಳೋ ಈ ಪ್ರಶ್ನೆಯನ್ನು ಜೀವ ಅಳೆಯೋ ಯಂತ್ರಕ್ಕೆ ನಾವು ಕೇಳಲಿಲ್ಲ. ಯಾರ ಬೆರಳಿಗೆ ಅಳೆದದ್ದು? ಇವತ್ತು ನಾನು ಹೇಳೋಕೆ ಬಂದದ್ದು ಇಷ್ಟೇ. ಉಳಿದ ಹತ್ತು ಪಾಯಿಂಟ್ ಇದರ ಬಾಲ.

ಬೆವರಿನ ವಿಷಯಕ್ಕೆ ಬರೋಣ. ಈಗ ತೋಳಿಗೆ ಅಂಟಿಸೋ ಸಕ್ಕರೆ ಸೆನ್ಸರ್ ಬಂದಿದೆ. ಕೂದಲಿನಷ್ಟು ತೆಳ್ಳಗಿನ ಎಳೆ ಚರ್ಮದ ಕೆಳಗೆ ಕೂತು, 14 ದಿನ ಸಕ್ಕರೆ ಅಳೆದು ಮೊಬೈಲಿಗೆ ಕಳಿಸುತ್ತೆ. ನಿಜಕ್ಕೂ ಒಳ್ಳೆಯ ಯಂತ್ರ. ಬೆರಳು ಚುಚ್ಚಿ ಚುಚ್ಚಿ ಸಾಕಾದವರಿಗೆ ವರ. ಅದು ಅಳೆಯೋದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ನೀರನ್ನು. ಹಾಗಾಗಿ ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತೆ. ಇದು ಕಂಪನಿಯವರೇ ಹೇಳ್ತಾರೆ.

ನನಗೂ ಸಕ್ಕರೆ ಕಾಯಿಲೆ. ಹೋದ ವರ್ಷ ಇದೇ ಏಪ್ರಿಲ್‌ನಲ್ಲಿ ಒಂದು ಅಂಟಿಸಿಕೊಂಡೆ. ಎರಡನೇ ರಾತ್ರಿ ಎರಡು ಗಂಟೆಗೆ ಮೊಬೈಲ್ ಕಿರುಚಿತು. ಸಕ್ಕರೆ 54! ಹೆಂಡತಿ ಗಾಬರಿಯಾಗಿ "ಏಳ್ರೀ, ಮೊದ್ಲು ಬಾಯಿ ತೆಗೀರಿ" ಅಂತ ಒಂದು ಮುಷ್ಟಿ ಸಕ್ಕರೆ ಸುರಿದಳು. ಆಮೇಲೆ ಬೆರಳು ಚುಚ್ಚಿ ನೋಡಿದರೆ 148. ಆಗಿದ್ದೇನಂದರೆ, ನಾನು ಆ ತೋಳಿನ ಮೇಲೇ ಒರಗಿ ಮಲಗಿದ್ದೆ. ಒತ್ತಡ ಬಿದ್ದರೆ ಅಲ್ಲಿಗೆ ರಕ್ತ ಓಡಾಡೋದು ಕಡಿಮೆ, ಸೆನ್ಸರ್ ಸುಳ್ಳೇ ಕಡಿಮೆ ತೋರಿಸುತ್ತೆ. ಐದನೇ ದಿನ ಸಂಡೂರಿಗೆ ಬಸ್ಸಿನಲ್ಲಿ ಹೋಗುವಾಗ ಬೆವರಿಗೆ ಅಂಟು ಬಿಟ್ಟು ಅರ್ಧ ನೇತಾಡ್ತಿತ್ತು. ಪಕ್ಕದ ಸೀಟಿನವರು "ಸರ್, ನಿಮ್ ತೋಳಾಗಿಂದು ಗುಂಡಿ ಕಿತ್ತೈತಿ" ಅಂದರು. ಕೆಲವು ಸಾವಿರದ ಗುಂಡಿ ಅದು.

ಸೆನ್ಸರ್ ಬಿಡಿ, ಮನೆಯ ಗ್ಲುಕೋಮೀಟರ್ ಸ್ಟ್ರಿಪ್ ಡಬ್ಬಿ ತೆಗೆದು ಓದಿ. ಬಹಳಷ್ಟರ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಇರುತ್ತೆ. ಮೇ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ರಾತ್ರಿ ಎರಡು ಗಂಟೆಗೂ 30 ಡಿಗ್ರಿ ಒಳಗೆ ಇರುತ್ತಾ? ಫ್ರಿಜ್ಜಿನಲ್ಲಿ ಇಡೋಣ ಅಂದರೆ ತೇವ ಹತ್ತುತ್ತೆ ಅಂತ ಅದನ್ನೂ ಬೇಡ ಅಂತಾರೆ. ಇಲ್ಲಿ ಕೂತಿರೋ ಇಂಜಿನಿಯರಿಂಗ್ ಮಕ್ಕಳೇ, ಪ್ರಾಜೆಕ್ಟ್‌ಗೆ ವಿಷಯ ಇಲ್ಲ ಅಂತ ಪ್ರತಿ ವರ್ಷ ಅದೇ ಟ್ರಾಫಿಕ್ ಲೈಟ್ ಮಾಡ್ತೀರಲ್ಲ, 43 ಡಿಗ್ರಿಯಲ್ಲಿ ಸ್ಟ್ರಿಪ್ ಹೇಗೆ ಕಾಪಾಡೋದು ಅಂತ ಮಾಡಿ. ಮಣ್ಣಿನ ಮಡಕೆಯಿಂದ ಶುರು ಮಾಡಿ ಬೇಕಾದರೆ.

ಈಗ ಎಐ. ಎಲ್ಲರೂ ಇದಕ್ಕೇ ಕಾಯ್ತಿದ್ದೀರಿ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಭಾಗ ಹಾಳಾಗೋದನ್ನು ಫೋಟೋ ನೋಡಿ ಹೇಳೋ ಎಐ ಇದೆ. ಪ್ರಯೋಗಾಲಯದಲ್ಲಿ ದೊಡ್ಡ ಡಾಕ್ಟರಷ್ಟೇ ಚೆನ್ನಾಗಿ ಹೇಳಿತು. ಗೂಗಲ್‌ನವರು ಅದನ್ನು ಥಾಯ್ಲೆಂಡಿನ 11 ಕ್ಲಿನಿಕ್‌ಗಳಿಗೆ ಒಯ್ದರು, ಏನಾಯಿತು ಅಂತ 2020ರಲ್ಲಿ ಅವರೇ ಪ್ರಾಮಾಣಿಕವಾಗಿ ಬರೆದರು. ನೂರಕ್ಕೆ 21 ಫೋಟೋವನ್ನು ಯಂತ್ರ 'ಸರಿ ಇಲ್ಲ' ಅಂತ ತಳ್ಳಿತು. ಕಣ್ಣಿನ ಫೋಟೋಗೆ ಕತ್ತಲೆ ಕೋಣೆ ಬೇಕು. ಅಲ್ಲಿನ ಎಷ್ಟೋ ಕ್ಲಿನಿಕ್‌ಗಳಲ್ಲಿ ಅಂಥ ಕೋಣೆ ಇರಲಿಲ್ಲ, ಇಂಟರ್ನೆಟ್ ನಿಧಾನ. ನರ್ಸ್‌ಗಳು ರೋಗಿಗೆ ಇನ್ನೊಂದು ದಿನ ಬನ್ನಿ ಅನ್ನಬೇಕಾಯಿತು. ದಿನಗೂಲಿ ಬಿಟ್ಟು ಬಂದವರಿಗೆ ಇನ್ನೊಂದು ದಿನ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಂತ ಎಐ ಬೇಡ ಅಂತ ಅಲ್ಲ. ಟಿಬಿಗೆ ಎದೆಯ ಎಕ್ಸ್‌ರೇ ಓದೋ ಸಾಫ್ಟ್‌ವೇರನ್ನು 15 ವರ್ಷ ಮೇಲ್ಪಟ್ಟವರಿಗೆ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಕೈಯಲ್ಲಿ ಹಿಡಿಯೋ ಎಕ್ಸ್‌ರೇ ಜೊತೆಗೆ ಅದು ಹಳ್ಳಿಗೆ ಬಂದರೆ ದೊಡ್ಡ ಉಪಕಾರ. ಆದರೆ ಅದೇ ಸಂಸ್ಥೆ ಇನ್ನೊಂದು ಮಾತನ್ನೂ ಹೇಳಿದೆ. ಸಾಫ್ಟ್‌ವೇರ್ ಎಕ್ಸ್‌ರೇಗೆ ಕೊಡೋ ಅಂಕ ಎಷ್ಟಾದರೆ ಟಿಬಿ ಅನುಮಾನ ಅನ್ನೋದನ್ನು ಆಯಾ ಜಾಗದ ಜನರ ಮೇಲೆ ನೋಡಿ ಹೊಂದಿಸಿಕೊಳ್ಳಿ ಅಂತ. ನೋಡಿ, ನನ್ನ ಮಾತೇ ಅದು! ಗಣಿ ಧೂಳು ಕುಡಿದ ಎದೆ, ಕಲ್ಲು ಕ್ವಾರಿಯ ಎದೆ, ಹಳೆಯ ಟಿಬಿ ವಾಸಿಯಾಗಿ ಕಲೆ ಉಳಿದ ಎದೆ, ಇವನ್ನೆಲ್ಲ ಆ ಸಾಫ್ಟ್‌ವೇರ್ ಎಲ್ಲಿ ನೋಡಿದೆ? ಯಾರ ಎದೆಗೆ ಅಳೆದದ್ದು?

ಗೋವಾದಲ್ಲಿ ತಯಾರಾಗೋ ಟ್ರೂನ್ಯಾಟ್ ಬಗ್ಗೆ ಒಂದು ಮಾತು. ಕಫದಲ್ಲಿ ಟಿಬಿ ರೋಗಾಣುವಿನ ಡಿಎನ್ಎ ಹುಡುಕೋ ಸಣ್ಣ ಯಂತ್ರ. ಬ್ಯಾಟರಿ ಮೇಲೆ ನಡೆಯುತ್ತೆ, ಎಸಿ ಕೋಣೆ ಬೇಕಿಲ್ಲ. ಕರೆಂಟ್ ಹೋಗುತ್ತೆ, ಸೆಖೆ ಇರುತ್ತೆ ಅಂತ ಮೊದಲೇ ಗೊತ್ತಿದ್ದವರು ಮಾಡಿದ್ದು, ಅದಕ್ಕೇ.

ಓ, ಚೀಟಿ ಬಂತು. 'ಹತ್ತು ನಿಮಿಷ.' ಚೀಟಿ ಕೊಟ್ಟವರು ನಗ್ತಾ ಇದ್ದಾರೆ, ಆದರೆ ಅದು ಒಳ್ಳೆಯ ನಗು ಅಲ್ಲ.

ಹಾಗಾದರೆ ರೋಬೋಟ್ ಸರ್ಜರಿ ಬಿಟ್ಟೆ. ಅದು ಯೂಟ್ಯೂಬಿನಲ್ಲಿ ನೋಡಿ. 3ಡಿ ಪ್ರಿಂಟ್ ಮೂಳೆ ಬಿಟ್ಟೆ. ಆದರೆ ಪೇಸ್‌ಮೇಕರ್, ಅಂದರೆ ಸಣ್ಣ ಕರೆಂಟ್ ಕೊಟ್ಟು ಹೃದಯ ಮಿಡಿಸೋ ಯಂತ್ರ, ಅದನ್ನು ಬಿಡೋಕೆ ಮನಸ್ಸಿಲ್ಲ. 1958ರಲ್ಲಿ ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಅನ್ನೋ ರೋಗಿ. ಹೃದಯ ದಿನಕ್ಕೆ ಹತ್ತಾರು ಸಲ ನಿಂತು ನಿಂತು ನಡೀತಿತ್ತು. ಆತನ ಹೆಂಡತಿ ಡಾಕ್ಟರ್ ಸೆನ್ನಿಂಗ್, ಇಂಜಿನಿಯರ್ ಎಲ್ಮ್‌ಕ್ವಿಸ್ಟ್ ಇಬ್ಬರ ಬೆನ್ನು ಬಿದ್ದಳು. ದೇಹದೊಳಗೆ ಇಡೋ ಪೇಸ್‌ಮೇಕರ್ ಇನ್ನೂ ಆಗಿಲ್ಲ ಅಂದರೆ ಮಾಡಿ ಅಂದಳು. ಮಾಡಿದರು. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಬದಲಿಸಿದರು. ಹೀಗೆ ಬದಲಿಸ್ತಾ ಬದಲಿಸ್ತಾ ಒಟ್ಟು 26. ಲಾರ್ಸನ್ ಬದುಕಿದ್ದು 2001ರ ತನಕ, 86 ವರ್ಷ. ಡಾಕ್ಟರೂ ಹೋದರು, ಇಂಜಿನಿಯರೂ ಹೋದರು, ರೋಗಿ ಇಬ್ಬರನ್ನೂ ಕಳಿಸಿ ಆಮೇಲೆ ಹೊರಟ. ಈಗ ತಂತಿಯೇ ಇಲ್ಲದ, ದೊಡ್ಡ ಮಾತ್ರೆಯಷ್ಟಿರೋ ಪೇಸ್‌ಮೇಕರ್ ಹೃದಯದ ಒಳಗೇ ಕೂರುತ್ತೆ. ಅದರ ಬೇರು ಹಟ ಮಾಡಿದ ಆ ಹೆಂಗಸು.

ಜೈಪುರ ಕಾಲು ಅನ್ನೋ ಕೃತಕ ಕಾಲಿನ ಬಗ್ಗೆ ಎರಡೇ ನಿಮಿಷ. 1968ರ ಸುಮಾರಿಗೆ ಡಾಕ್ಟರ್ ಪಿ. ಕೆ. ಸೇಥಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ಮಾಡಿದ್ದು. ಅದಕ್ಕೂ ಮುಂಚೆ ಬರ್ತಿದ್ದ ಹೊರದೇಶದ ಕಾಲು ಬೂಟಿನೊಳಗೆ ಹಾಕೋದಕ್ಕೆ ಮಾಡಿದ್ದು. ನಮ್ಮವರು ಬರಿಗಾಲಲ್ಲಿ ಗದ್ದೆಗೆ ಇಳೀತಾರೆ, ಚಕ್ಕಳಮಕ್ಕಳ ಹಾಕಿ ಉಣ್ತಾರೆ, ಕುಕ್ಕರಗಾಲಲ್ಲಿ ಕೂರ್ತಾರೆ. ರಬ್ಬರಿನಲ್ಲಿ ಆ ಕಾಲು ಮಾಡಿಕೊಟ್ಟರು. ಅವರು ಅಳತೆ ತೆಗೆದದ್ದು ನಮ್ಮ ಕಾಲಿಗೆ. ಆ ರಾಮಚಂದ್ರ ಶರ್ಮಾ ಕಾಲೇಜು ಮೆಟ್ಟಿಲು ಹತ್ತಿದವರಲ್ಲ.

ಚೀಟಿಗಳು ಬಂದವಾ? ಕೊಡಿ, ಕೊಡಿ. ನೋಡೋಣ. ವಿದ್ಯಾರ್ಥಿನಿ: 98, 99, 98. ಚೆನ್ನಾಗಿದೆ. ವಿದ್ಯಾರ್ಥಿ: 97, 98, 95. ನರ್ಸಿಂಗ್, ಬ್ರಾಕೆಟ್‌ನಲ್ಲಿ 'ಉಗುರಿಗೆ ನೀಲಿ ಬಣ್ಣ ಇದೆ ಸರ್': 98, 94, 91. ಏನಮ್ಮಾ, ಬಣ್ಣ ಅಳಿಸಿ ಇನ್ನೊಂದು ಸಲ ನೋಡಿಕೋ. ಡ್ರೈವರ್: 96, 97, 93. ಮೂರನೇ ಮಷಿನ್ ಹೆಚ್ಚಿನವರಿಗೆ ಕಡಿಮೆಯೇ ಹೇಳ್ತಿದೆ, ಜಿಪುಣ.

ಇದು ಯಾರದು? 'ಕ್ಯಾಂಟೀನ್.' ಮೊದಲನೆಯದಕ್ಕೆ 97. ಎರಡನೆಯದಕ್ಕೆ 90. ಮೂರನೆಯದಕ್ಕೆ ಅಂಕಿ ಇಲ್ಲ, ಬರೀ ಎರಡು ಗೆರೆ ಎಳೆದಿದ್ದಾರೆ.

ಬಾಗಿಲ ಹತ್ತಿರ ನಿಂತಿದ್ದಾರಲ್ಲ, ಮಿರ್ಚಿ ಕರಿಯೋ ಅಜ್ಜಾರು, ಅವರದಾ? ಅಜ್ಜಾರ, ಒಂದೀಟು ಇಲ್ಲಿ ಬರ್ರಿ. ಒಲೆ ಆರಿಸಿ ಬರ್ರಿ, ಗಡಿಬಿಡಿಯಿಲ್ಲ. ಕೈ ತೋರಿಸ್ರಿ. ಎಷ್ಟು ವರ್ಷ ಆಯ್ತು ಈ ಬಾಣಲೆ ಮುಂದೆ? ನಲವತ್ತಾ? ನೋಡಿ ಮಕ್ಕಳೇ, ಎದ್ದು ಹತ್ತಿರ ಬಂದು ನೋಡಿ. ಎಣ್ಣೆ ಸಿಡಿದು ಸಿಡಿದು ತೋರುಬೆರಳ ತುದಿ ನುಣ್ಣಗೆ ಗಾಜಿನ ಹಾಗೆ ಆಗಿದೆ. ನರ್ಸಿಂಗಿನವರು ಒಬ್ಬರು ಗಡಿಯಾರ ಹಿಡೀರಿ. ಅಜ್ಜಾರ, ಕುರ್ಚಿ ಮೇಲೆ ಕೂಡ್ರಿ. ಒಂದು ನಿಮಿಷ ಯಾರೂ ಅವರನ್ನು ಮಾತಾಡಿಸಬೇಡಿ.