ಬ್ರೌಸರ್ ಇಲ್ಲದೆ ಒಂದು ವೆಬ್ ಪುಟ

ಕೇಳುಗರಿಗೆ ನಮಸ್ಕಾರ. ವೆಬ್ ಪುಟ ತರಿಸಲು ಬ್ರೌಸರ್ ಬೇಕೇ ಬೇಕು ಅಂತೇನಿಲ್ಲ. ಸಾಕೆಟ್ ಬಳಸಿ ನಾವೇ ಒಂದು ಪುಟ್ಟ ಪ್ರೋಗ್ರಾಂ ಬರೆಯಬಹುದು. ಪೈಥಾನ್‌ನಲ್ಲಾದರೆ ಒಂದಿಪ್ಪತ್ತು ಸಾಲು, ಅಷ್ಟೆ.

ನಮ್ಮ ಪ್ರೋಗ್ರಾಂ ನೆಟ್‌ವರ್ಕ್ ಕಡೆಗೆ ಹೋಗಲು ಆಪರೇಟಿಂಗ್ ಸಿಸ್ಟಂ ತೆರೆದುಕೊಡುವ ಬಾಗಿಲೇ ಸಾಕೆಟ್. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಆಪರೇಟಿಂಗ್ ಸಿಸ್ಟಂ ಜೊತೆ ಬಂದ ಸಾಕೆಟ್, ಕನೆಕ್ಟ್, ಸೆಂಡ್, ರಿಸೀವ್ ಎಂಬ ಫಂಕ್ಷನ್‌ಗಳು ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇವೆ. ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೇಳಿ ಸರ್ವರ್‌ನ, ಅಂದರೆ ಪುಟ ಕಳಿಸುವ ಕಂಪ್ಯೂಟರಿನ, ಐಪಿ ವಿಳಾಸ ಪಡೆಯಿರಿ. ಅಲ್ಲಿ ವೆಬ್ ಪುಟಗಳಿಗೆಂದು ಇರುವ ದ್ವಾರಸಂಖ್ಯೆ, ಅಂದರೆ 80ನೇ ಪೋರ್ಟ್‌ಗೆ ಕನೆಕ್ಟ್ ಮಾಡಿ.

ಈಗ ಕೋರಿಕೆ. ಗೆಟ್, ಒಂದು ಸ್ಪೇಸ್, ಸ್ಲ್ಯಾಶ್, ಇನ್ನೊಂದು ಸ್ಪೇಸ್, ಎಚ್‌ಟಿಟಿಪಿ ಸ್ಲ್ಯಾಶ್ 1.0. ಎಚ್‌ಟಿಟಿಪಿ ಅಂದರೆ ವೆಬ್ ಪುಟ ಕೇಳುವ, ಕೊಡುವ ನಿಯಮ; 1.0 ಅದರ ಆವೃತ್ತಿ. ಕೆಳಗಿನ ಸಾಲಿನಲ್ಲಿ ಹೋಸ್ಟ್, ಕೋಲನ್, ಸೈಟಿನ ಹೆಸರು. ಒಂದೇ ಐಪಿಯಲ್ಲಿ ಹಲವು ಸೈಟುಗಳಿರುತ್ತವೆ, ಹಾಗಾಗಿ ಹೆಸರು ಹೇಳಲೇಬೇಕು. ಪ್ರತಿ ಸಾಲಿನ ಕೊನೆಗೆ ಸಾಲು ಮುಗಿಯಿತು ಅನ್ನುವ ಗುರುತುಗಳಾದ ಕ್ಯಾರೇಜ್ ರಿಟರ್ನ್, ಲೈನ್ ಫೀಡ್ ಎರಡೂ ಇರಲಿ. ಕಡೆಗೊಂದು ಖಾಲಿ ಸಾಲು. ಅದನ್ನು ಬಿಟ್ಟರೆ ಕೋರಿಕೆ ಇನ್ನೂ ಮುಗಿದಿಲ್ಲ ಅಂತ ಸರ್ವರ್ ಕಾಯುತ್ತದೆ, ಉತ್ತರ ಬರಲಿ ಅಂತ ನೀವು ಕಾಯುತ್ತೀರಿ. ಎರರ್ ಕೂಡ ಬರುವುದಿಲ್ಲ! ಒಂದು ಟೈಮ್‌ಔಟ್, ಅಂದರೆ ಕಾಯುವ ಸಮಯಕ್ಕೆ ಮಿತಿ, ಇಟ್ಟುಕೊಳ್ಳುವುದು ಜಾಣತನ.

ನಿಜವಾದ ತಲೆನೋವು ಇರುವುದು ಓದುವುದರಲ್ಲಿ. ರಿಸೀವ್‌ಗೆ 4096 ಬೈಟ್ ಅಂತ ಹೇಳಿದರೆ ಅಷ್ಟೂ ಬರುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಗರಿಷ್ಠ ಮಿತಿ ಮಾತ್ರ. ಒಂದೇ ಬೈಟ್ ಬಂದರೂ ಬರಬಹುದು. ಕೆಳಗಿನಿಂದ ಬೈಟುಗಳನ್ನು ಸಾಗಿಸುವ ನಿಯಮವಾದ ಟಿಸಿಪಿಗೆ ಬೈಟುಗಳ ಸಾಲು ಗೊತ್ತು, ಸಂದೇಶ ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಿಲ್ಲ. ನಮ್ಮದೇ ಕಂಪ್ಯೂಟರಿನಲ್ಲಿರುವ ಸರ್ವರ್ ಜೊತೆ ಸರಿಯಾಗಿ ನಡೆದ ಪ್ರೋಗ್ರಾಂ, ದೂರದ ಸರ್ವರ್‌ನಿಂದ ಅರ್ಧ ಪುಟ ತಂದು ಸುಮ್ನೆ ನಿಲ್ಲುವುದು ಇದಕ್ಕೇ. ಆದ್ದರಿಂದ ಲೂಪ್ ಹಾಕಿ ಓದುತ್ತಲೇ ಇರಬೇಕು. ಸೊನ್ನೆ ಬೈಟ್ ಬಂದರೆ ಆ ಕಡೆಯವರು ಸಂಪರ್ಕ ಮುಚ್ಚಿದರು ಅಂತ ಅರ್ಥ.

ಇನ್ನೊಂದು ವಿಷಯ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಅಕ್ಷರಕ್ಕೆ ಮೂರು ಬೈಟ್. ರಿಸೀವ್ ಅದನ್ನು ನಡುವೆಯೇ ತುಂಡರಿಸಬಹುದು. ಬಂದಬಂದ ಹಾಗೆ ಅಕ್ಷರವಾಗಿಸಲು ಹೋದರೆ ಕೆಡುತ್ತದೆ. ಎಲ್ಲ ಬೈಟ್ ಕೂಡಿಟ್ಟು ಆಮೇಲೆ ಡಿಕೋಡ್ ಮಾಡಿ, ಅಂದರೆ ಅಕ್ಷರವಾಗಿಸಿ.

ಎಚ್‌ಟಿಟಿಪಿ 1.1 ಇರುವಾಗ ಹಳೆಯ 1.0 ಯಾಕೆ ಅಂತೀರಾ? 1.1ರಲ್ಲಿ ಸರ್ವರ್ ಸಂಪರ್ಕ ತೆರೆದೇ ಇಡುತ್ತದೆ. ಆಗ ಉತ್ತರದ ಉದ್ದವನ್ನು ಹೆಡರ್‌ನಲ್ಲಿ, ಅಂದರೆ ಉತ್ತರದ ಮೊದಲಿಗೆ ಬರುವ ವಿವರದ ಸಾಲುಗಳಲ್ಲಿ, ನೋಡಬೇಕು, ಇಲ್ಲವೇ ತುಂಡುತುಂಡಾಗಿ ಬರುವ ಉತ್ತರವನ್ನು ಜೋಡಿಸಬೇಕು. ಕಲಿಯುವಾಗ ಅಷ್ಟೊಂದು ಬೇಡ.

301 ಉತ್ತರ ಬಂದರೆ ಗಾಬರಿ ಬೇಡ. ಪುಟ ಬೇರೆ ವಿಳಾಸದಲ್ಲಿದೆ, ಜಾಸ್ತಿ ಸಲ ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಎಚ್‌ಟಿಟಿಪಿಯ ಸುರಕ್ಷಿತ ರೂಪದಲ್ಲಿ. ಆಗ ಹೊಸ ಸಾಕೆಟ್ ತೆರೆದು 443ನೇ ಪೋರ್ಟ್‌ಗೆ ಹೋಗಿ, ಪೈಥಾನ್‌ನ ಎಸ್‌ಎಸ್‌ಎಲ್ ಮಾಡ್ಯೂಲ್ ಬಳಸಿ ಆ ಸಾಕೆಟ್‌ಗೆ ಟಿಎಲ್‌ಎಸ್, ಅಂದರೆ ಗೂಢಲಿಪಿಯ ರಕ್ಷಣೆ, ಸೇರಿಸಿ. ಓದುವ ಲೂಪ್ ಬದಲಾಗುವುದಿಲ್ಲ.